ಶೇಂಗಾ ಎಣ್ಣೆಯ ಎರಡನೇ ಪೀಕ್

೧೨ ಫೆಬ್ರುವರಿ ೨೦೨೫, ಬುಧವಾರ

ಹೊಸ ಯಂತ್ರ ಇವತ್ತು ಕೊನೆಗೂ ನನ್ನ ಮಾತು ಕೇಳಿತು. ಮೂರು ವಾರ ಅದರ ಬೆನ್ನು ಹತ್ತಿದ್ದೆ. ಇದನ್ನು ಓಡಿಸಲು ಪಿಎಚ್.ಡಿ. ಮಾಡಿದವರನ್ನು ಹೊರಗಿನಿಂದ ತರಬೇಕು ಎಂದು ಲ್ಯಾಬಿನ ಮುಖ್ಯಸ್ಥ ಸಿದ್ಧಾರೂಢ ಸರ್ ಅವರ ಮನಸ್ಸಿನಲ್ಲಿತ್ತು. ಲಕಮನಹಳ್ಳಿಯ ಈ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಹಾಲಿನ ಕೊಬ್ಬು, ಬೋರ್‌ವೆಲ್ ನೀರಿನ ಗಡಸುತನ ಅಳೆಯುತ್ತ ಕೂತ ನನಗೆ, ಈ ದಾಕ್ಷಾಯಿಣಿಗೆ, ಇದೆಲ್ಲ ಎಲ್ಲಿ ತಿಳಿಯಬೇಕು ಎಂದು ಅವರ ಎಣಿಕೆ. ಬಾಯಿ ಬಿಟ್ಟು ಹೇಳಲಿಲ್ಲ, ಅವರ ಮುಖವೇ ಹೇಳಿತು. ನಾನೂ ಹಟ ಹಿಡಿದೆ.

ವಿಧಾನ ಬರೆದಿಟ್ಟುಕೊಳ್ಳುತ್ತೇನೆ, ಮರೆತರೆ ನನಗೇ ಬೇಕು. ಎಣ್ಣೆಯ ಮೇಲೆ ಒಂದು ಬಣ್ಣದ ಬೆಳಕು ಬಿಟ್ಟರೆ ಅದರೊಳಗಿನ ಕೆಲವು ವಸ್ತುಗಳು ಬೇರೆ ಬಣ್ಣದ ಬೆಳಕನ್ನು ಹೊರಗೆ ಚೆಲ್ಲುತ್ತವೆ. ಆದರೆ ಹತ್ತಾರು ವಸ್ತುಗಳು ಒಟ್ಟಿಗೆ ಹೊಳೆದು ಗ್ರಾಫಿನಲ್ಲಿ ಒಂದೇ ದೊಡ್ಡ ದಿಬ್ಬ ಬರುತ್ತದೆ. ಮದುವೆ ಪಂಕ್ತಿಯಲ್ಲಿ ಎಲ್ಲರೂ ಒಮ್ಮೆಲೆ ಮಾತಾಡಿದ ಹಾಗೆ, ಯಾರ ದನಿ ಯಾವುದು ತಿಳಿಯುವುದಿಲ್ಲ. ಸಿಂಕ್ರೋನಸ್ ವಿಧಾನದಲ್ಲಿ ಒಳಗೆ ಬಿಡುವ ಬೆಳಕನ್ನೂ ಹೊರಗೆ ಬರುವ ಬೆಳಕನ್ನೂ ನಡುವೆ ಇಪ್ಪತ್ತು ನ್ಯಾನೋಮೀಟರ್ ಅಂತರವಿಟ್ಟು ಜೋಡಿಯಾಗಿ ಓಡಿಸುತ್ತೇವೆ. ಆಗ ದಿಬ್ಬ ಒಡೆದು, ಒಂದೊಂದು ವಸ್ತುವೂ ತನ್ನ ಜಾಗದಲ್ಲಿ ಕಿರಿದಾದ ಶಿಖರವಾಗಿ, ಪೀಕ್ ಆಗಿ ನಿಲ್ಲುತ್ತದೆ. ಇವತ್ತು ಶೇಂಗಾ ಎಣ್ಣೆಯ 'ಇ' ಜೀವಸತ್ವ ಮುನ್ನೂರು ನ್ಯಾನೋಮೀಟರಿನ ಹತ್ತಿರ ನೆಟ್ಟಗೆ ಎದ್ದು ನಿಂತಿತು.

ಸಂಜೆ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ. ಪಕ್ಕದಲ್ಲಿ ಕೂತಾಕೆ ಸ್ವಲ್ಪ ಸರಿದು ಕೂತಳು.

೨೦ ಫೆಬ್ರುವರಿ, ಗುರುವಾರ

ಮಾದರಿ ೪೧೭. ಗಾಣದ ಶೇಂಗಾ ಎಣ್ಣೆ. ಕಳಿಸಿದವರು ದೇಶಪಾಂಡೆ ನಗರದಲ್ಲಿ ಸಾವಯವ ಅಂಗಡಿ ಇಟ್ಟಿರುವ ರಾಜಶೇಖರ. ಯಾವ ಗಾಣದ್ದು ಎಂದು ಚೀಟಿಯಲ್ಲಿಲ್ಲ, ಇರಲೂಬಾರದು. ಮಾದರಿಗೆ ಹೆಸರಿರುವುದಿಲ್ಲ, ನಂಬರಿರುತ್ತದೆ. ಈ ಕೆಲಸದಲ್ಲಿ ನನಗೆ ಸೇರುವುದು ಅದೇ.

ಹೆಕ್ಸೇನ್ ದ್ರಾವಕದಲ್ಲಿ ತೆಳುಮಾಡಿ ಓಡಿಸಿದೆ. ಜೀವಸತ್ವದ ಪೀಕ್ ಆದಮೇಲೆ, ಮುನ್ನೂರ ನಲವತ್ತರ ಆಚೆಗೆ ಇನ್ನೊಂದು ಪುಟ್ಟ ಪೀಕ್. ಅಲ್ಲಿ ಶೇಂಗಾ ಎಣ್ಣೆಗೆ ಏನೂ ಕೆಲಸವಿಲ್ಲ. ಅದು ಡೀಸೆಲ್ ಜಾತಿಯ ಖನಿಜ ತೈಲದ ಜಾಗ. ತೀರ ಚಿಕ್ಕದು, ಲೀಟರಿಗೆ ಎರಡು ಹನಿಯಷ್ಟು. ಹಳೆಯ ವಿಧಾನದಲ್ಲಾಗಿದ್ದರೆ ದಿಬ್ಬದ ಅಡಿ ಮುಚ್ಚಿಹೋಗುತ್ತಿತ್ತು. ಮೂರು ಸಲ ಓಡಿಸಿದೆ. ಬರಿ ಹೆಕ್ಸೇನನ್ನೂ ಓಡಿಸಿ ನೋಡಿದೆ, ಅದು ಶುದ್ಧ.

ವರದಿಯ ಕೊನೆಯ ಸಾಲು: 'ಖನಿಜ ತೈಲ ಬೆರೆಸಲಾಗಿದೆ.' ಸರ್ ಪೆನ್ನು ಹಿಡಿದು ಸ್ವಲ್ಪ ತಡೆದರು. 'ಕಂಡುಬಂದಿದೆ' ಎಂದರೆ ಸಾಲದೇ ಎಂದು ಕೇಳಿದರು. ಶೇಂಗಾದಲ್ಲಿ ಡೀಸೆಲ್ ತಾನಾಗಿ ಹುಟ್ಟುತ್ತದೇನು ಸರ್ ಎಂದೆ. ನಕ್ಕು ಸಹಿ ಹಾಕಿದರು. ಹೊರಗಿನಿಂದ ಯಾರನ್ನೂ ತರಬೇಕಾಗಿಲ್ಲ ಎಂದೂ ಅಂದರು.

೧ ಮಾರ್ಚ್, ಶನಿವಾರ

ರಾಜಶೇಖರ ನಮ್ಮ ವರದಿಯ ಫೋಟೋ ತೆಗೆದು ಗಿರಾಕಿಗಳ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದಾರೆ. ಕಮರಿಪೇಟೆಯ ಬಂದೇನವಾಜರ ಗಾಣದ ಎಣ್ಣೆ ಇನ್ನು ಮುಂದೆ ನಮ್ಮಲ್ಲಿ ಸಿಗುವುದಿಲ್ಲ, ಕೊಂಡವರು ವಾಪಸ್ ತರಬಹುದು ಎಂದು ಕೆಳಗೆ ಬರೆದಿದ್ದಾರೆ. ಅದು ಗುಂಪಿನಿಂದ ಗುಂಪಿಗೆ ಹೋಗಿ, ನಮ್ಮ ಓಣಿಯ ಹೆಣ್ಣುಮಕ್ಕಳ ಗುಂಪಿಗೂ ಬಂದು ಬಿತ್ತು.

ಬಂದೇನವಾಜ ಕಾಕಾ. ನಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ, ಇಪ್ಪತ್ತು ವರ್ಷ, ನಮ್ಮ ಒಗ್ಗರಣೆಗೆ ಬಿದ್ದದ್ದು ಅವರ ಎಣ್ಣೆಯೇ. ಅವರು ಮತ್ತು ತಮ್ಮ ಮುಷರಫ ಇಬ್ಬರೇ ಆ ಮರದ ಗಾಣ ನಡೆಸುವುದು. ದೀಪಾವಳಿಗೆ ಡಬ್ಬಿ ಹೊತ್ತು ಬಂದರೆ ಅತ್ತೆಯ ಮುಂದೆ ಕೂತು ಊರ ಸುದ್ದಿಯೆಲ್ಲ ಹೇಳಿ ಹೋಗುವ ಮನುಷ್ಯ. ಇಷ್ಟು ವರ್ಷ ನಮಗೆ ಏನು ಉಣಿಸಿದರೋ! ಹೋದ ತಿಂಗಳು ತಂದ ಡಬ್ಬಿ ಎತ್ತಿಕೊಂಡು ಗಟಾರಿಗೆ ಸುರಿಯಲು ಹೋದೆ.

ಅತ್ತೆ ಶಿವಲಿಂಗವ್ವ ಅಡ್ಡ ಬಂದರು. ಎಂಬತ್ತರ ಮುದುಕಿ, ಡಬ್ಬಿಯ ಹಿಡಿಕೆ ಬಿಡಲೊಲ್ಲರು. ಅಂಗೈ ಮೇಲೆ ಎರಡು ಹನಿ ಹಾಕಿ ತಿಕ್ಕಿ ಮೂಸಿದರು. ಎಣ್ಣೆ ಸರಿಯಿದೆ, ತಾನು ಇದನ್ನೇ ಉಣ್ಣುವವಳು ಎಂದರು. ನಿಮ್ಮ ಮೂಗಿಗೆ ಲೀಟರಿಗೆ ಎರಡು ಹನಿ ಗೊತ್ತಾಗುವುದಿಲ್ಲ ಎಂದೆ. ಅವರು ಡಬ್ಬಿಯನ್ನು ತಮ್ಮ ಮಂಚದ ಕೆಳಗೆ ತಳ್ಳಿಕೊಂಡರು. ನಮ್ಮ ಯಜಮಾನರು ರೈಲ್ವೆ ಡ್ಯೂಟಿ ಮುಗಿಸಿ ಗುಂತಕಲ್ಲಿನಿಂದ ಬರುವ ತನಕ ನನಗೂ ಅತ್ತೆಗೂ ಮಾತಿಲ್ಲ.

೪ ಮಾರ್ಚ್, ಮಂಗಳವಾರ

ಸಂಜೆ ನಾನು ಮನೆಗೆ ಬರುವ ಹೊತ್ತಿಗೆ ಬಂದೇನವಾಜ ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ರಮಜಾನಿನ ರೋಜಾ ಉಪವಾಸ, ತುಟಿ ಒಣಗಿತ್ತು. ಜಗಳ ಮಾಡುತ್ತಾರೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮಾಡಲಿಲ್ಲ. ವರದಿ ಸುಳ್ಳು ಎಂದೂ ಅನ್ನಲಿಲ್ಲ. ನಾನು ಕಲಿತಾಕೆ, ಲ್ಯಾಬಿನಾಕೆ, ನಾನು ಬರೆದದ್ದು ಖರೇ ಇರಲೇಬೇಕು ಎಂದೇ ಮಾತು ಶುರು ಮಾಡಿದರು.

"ನಾ ಅಂತೂ ಹಾಕಿಲ್ಲ ಅಕ್ಕಾರ. ಅದರಾಗ ಹೆಂಗ ಬಂತು, ಅಷ್ಟ ಹೇಳ್ರಿ."

ಎಷ್ಟು ಮೆತ್ತಗೆ ಕೇಳಿದರೋ ಅಷ್ಟು ಸಿಟ್ಟು ಬಂತು ನನಗೆ. ನಾಟಕ ಅನ್ನಿಸಿತು.

"ಮಷೀನ ಯಾರ ಮಾರೀನೂ ನೋಡೂದಿಲ್ಲ ಕಾಕಾ. ನೀವು ಹಾಕಿಲ್ಲಂದ್ರ, ನಿಮ್ಮ ಗಾಣದಾಗ ಮತ್ತ ಯಾರ ಕೈ ಆಡ್ತದ ನೋಡ್ಕೋರಿ."

ಅವರು ಹೂಂ ಎಂದು ಎದ್ದು, ಅತ್ತೆಗೆ ಸಲಾಂ ಹೇಳಿ ಹೋದರು. ಒಳ್ಳೆಯ ಉತ್ತರ ಕೊಟ್ಟೆ ಅನ್ನಿಸಿತು.

೧೮ ಮಾರ್ಚ್, ಮಂಗಳವಾರ

ರಂಗಪಂಚಮಿ, ರಜೆ. ಕಮರಿಪೇಟೆಯ ಗಾಣ ಹತ್ತು ದಿನದಿಂದ ತಿರುಗುತ್ತಿಲ್ಲವಂತೆ, ಆಟೋದ ಯಮನಪ್ಪ ಹೇಳಿದ. ನಾನೇನು ಮಾಡಲಿ.

೧ ಏಪ್ರಿಲ್, ಮಂಗಳವಾರ

ನಿನ್ನೆ ರಮಜಾನ್ ಹಬ್ಬ. ಇವತ್ತು ಬೆಳಗ್ಗೆ ಕಾಕಾನ ಹೆಂಡತಿ ಮೌಲಾಬಿ ಚಾಚಿ ಪ್ರತಿ ವರ್ಷದಂತೆ ಶಾವಿಗೆಯ ಪಾಯಸ ಸುರಕುಂಬಾದ ಡಬ್ಬಿ ಕೊಟ್ಟು ಹೋದರು. ಈ ವರ್ಷ ಬರಲಾರದು ಎಂದುಕೊಂಡಿದ್ದೆ. ಕೈಗೆ ಕೊಟ್ಟರು, ನನ್ನ ಮುಖ ನೋಡಲಿಲ್ಲ. ಒಳಗೆ ಬರ್ರಿ ಎಂದರೆ ಕೆಲಸವಿದೆ ಎಂದರು.

ಅತ್ತೆ ಎರಡು ಬಟ್ಟಲು ಕುಡಿದರು. ನಾನು ನನ್ನ ಬಟ್ಟಲನ್ನು ಹಾಗೇ ಮುಚ್ಚಿಟ್ಟೆ. ಹೀಗೇಕೆ ಎಂದು ಗೊತ್ತಾಗಲಿಲ್ಲ. ಅವರ ತಪ್ಪಿಗೆ ನಾನೇಕೆ ತಲೆ ತಗ್ಗಿಸಬೇಕು?

೯ ಏಪ್ರಿಲ್, ಬುಧವಾರ

ಎರಡು ಹನಿ.

ಮಧ್ಯಾಹ್ನ ಡಬ್ಬಿ ಊಟ ಮಾಡುತ್ತ ಕೂತಾಗ ತಲೆಗೆ ಹೊಳೆಯಿತು. ಬೆರಕೆ ಮಾಡುವವನು ಲೀಟರಿಗೆ ನೂರು ಮಿಲಿ ಹಾಕುತ್ತಾನೆ, ಇನ್ನೂರು ಹಾಕುತ್ತಾನೆ. ಎರಡು ಹನಿ ಹಾಕಿ ಯಾರಿಗೆ ಏನು ಗಿಟ್ಟಬೇಕು? ಫೆಬ್ರುವರಿಯಲ್ಲಿ ಈ ಅಂಕಿಯನ್ನು ಬರೆದದ್ದು ನನ್ನದೇ ಕೈ. ಆವತ್ತು ಅದು ಇಷ್ಟು ಚಿಕ್ಕದನ್ನೂ ಹಿಡಿದೆ ಎಂಬ ಜಂಬದ ಅಂಕಿಯಾಗಿತ್ತು. ಇಷ್ಟು ಚಿಕ್ಕದೇಕೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಉಣ್ಣುತ್ತಿದ್ದ ಚಪಾತಿ ಅಲ್ಲೇ ಬಿಟ್ಟೆ.

ಮನೆಗೆ ಬಂದು ಅತ್ತೆಯ ಮಂಚದ ಕೆಳಗಿನ ಡಬ್ಬಿಯಿಂದ ಸ್ವಲ್ಪ ಎಣ್ಣೆ ಕೇಳಿದೆ. ಮೊಣಕಾಲಿಗೆ ಹಚ್ಚಲು ಅವರು ಇಟ್ಟುಕೊಂಡಿರುವ ಹೋದ ವರ್ಷದ ಬಾಟಲಿಯಿಂದಲೂ ಕೇಳಿದೆ. ಯಾಕೆ ಎಂದು ಕೇಳದೆ ಎರಡನ್ನೂ ಕೊಟ್ಟರು.

೧೦ ಏಪ್ರಿಲ್, ಗುರುವಾರ

ಹೋದ ವರ್ಷದ್ದರಲ್ಲಿ ಎರಡನೇ ಪೀಕ್ ಇಲ್ಲ. ಈ ವರ್ಷದ್ದರಲ್ಲಿ ಇದೆ. ಗಾಣ ಅದೇ, ಕೈಗಳೂ ಅವೇ. ಹಾಗಾದರೆ ಬದಲಾದದ್ದು ಏನು?

೧೨ ಏಪ್ರಿಲ್, ಶನಿವಾರ

ಕಮರಿಪೇಟೆಗೆ ಹೋಗಿದ್ದೆ. ಇಪ್ಪತ್ತು ವರ್ಷ ಅವರ ಎಣ್ಣೆ ತಿಂದವಳು ಆ ಗಾಣದೊಳಗೆ ಕಾಲಿಟ್ಟದ್ದು ಇವತ್ತಿಗೆ ಎರಡನೇ ಸಲ.

ಕಾಕಾ ಇರಲಿಲ್ಲ, ಎಲ್ಲಿಯೋ ಕೆಲಸ ಕೇಳಲು ಹೋಗಿದ್ದರು. ಅರವತ್ತೆರಡರ ವಯಸ್ಸಿಗೆ. ಮೌಲಾಬಿ ಚಾಚಿ ಬಾಗಿಲು ತೆಗೆದರು. ಮೋಟಾರಿನ ಮೇಲೆ ಬಟ್ಟೆ ಮುಚ್ಚಿತ್ತು. ಮುಷರಫ ಎಲ್ಲಿ ಎಂದು ಕೇಳಿದೆ. ಚಾಚಿ ಕಿಟಕಿ ತೆರೆಯಲು ಹೋದರು.

ಗಾಣದ ಮರ ನೋಡಿದೆ, ಮೋಟಾರಿನ ಗ್ರೀಸು ಎಲ್ಲಿಗಾದರೂ ಸೋರುತ್ತದೆಯೇ ಎಂದು ಬೆರಳಾಡಿಸಿದೆ, ಎಣ್ಣೆ ತಿಳಿಯಾಗಲು ಇಡುವ ಹಂಡೆ ಮೂಸಿದೆ. ಎಲ್ಲಿಯೂ ಏನೂ ಇಲ್ಲ. ಮೂಲೆಯಲ್ಲಿ ತಗಡಿನ ಮಾಡಿನ ಕೆಳಗೆ ಶೇಂಗಾ ಕಾಳಿನ ಚೀಲಗಳ ಸಾಲು. ಎಲ್ಲ ಹೊಸ ಗೋಣಿಚೀಲ. ಹತ್ತಿರ ಹೋದೆ. ಬಿಸಿಲಿಗೆ ಕಾದ ತಗಡಿನ ಅಡಿ ಅವು ಸೀಮೆಎಣ್ಣೆಯ ತಮ್ಮನಂಥ ವಾಸನೆ ಬಿಡುತ್ತಿದ್ದವು. ಸೆಣಬಿನ ನಾರು ಮೆತ್ತಗಾಗಲೆಂದು ಕಾರ್ಖಾನೆಯಲ್ಲಿ ಖನಿಜ ತೈಲ ಚಿಮುಕಿಸಿ ನೂಲುತ್ತಾರೆ. ಎಂ.ಎಸ್ಸಿ.ಯಲ್ಲಿ ಓದಿದ್ದೆ, ಒಂದು ಸಾಲು, ಪರೀಕ್ಷೆಗೂ ಬಂದಿರಲಿಲ್ಲ.

ಈ ಚೀಲ ಯಾವಾಗಿನಿಂದ ಎಂದು ಕೇಳಿದೆ. ಚಾಚಿ ಈಗ ನನ್ನ ಮುಖ ನೋಡಿದರು.

"ನೀವ ಹೇಳಿದ್ರಲ್ರಿ ಅಕ್ಕಾರ, ಹೋದ ದೀಪಾವಳಿಗೆ. ಗೊಬ್ಬರದ ಪ್ಲಾಸ್ಟಿಕ್ ಚೀಲದಾಗ ಕಾಳ ಇಡಬ್ಯಾಡ್ರಿ, ಹೊಸಾ ಗೋಣಿಚೀಲ ತರ್ರಿ ಅಂತ. ಮುಷರಫ ಬ್ಯಾಡಂದ, ಹಳೇವ ತೊಳದ ಇಡೂಣು ಅಂದ. ಇವರು ಕೇಳಲಿಲ್ಲ. ಅಕ್ಕಾರು ಹೇಳ್ಯಾರ ಅಂದ್ರು."

ಹೇಳಿದ್ದೆ. ಈ ಬಾಗಿಲಲ್ಲೇ ನಿಂತು, ಚಹಾದ ಕಪ್ಪು ಕೈಯಲ್ಲಿ ಹಿಡಿದು ಹೇಳಿದ್ದೆ. ಒಳ್ಳೆಯದಕ್ಕೇ ಹೇಳಿದ್ದೆ. ಆಮೇಲೆ ಮರೆತಿದ್ದೆ. ಅವರು ಮರೆತಿರಲಿಲ್ಲ. ನಾಲ್ಕು ತಿಂಗಳು ಆ ಕಾಳು ಆ ಚೀಲದಲ್ಲಿ, ಆ ತಗಡಿನ ಅಡಿ, ನಾರಿನ ತೈಲ ಕಾಳಿಗೆ ಇಳಿಯುತ್ತ.

ಒಂದು ಚೀಲದಿಂದ ನಾಲ್ಕು ಎಳೆ ನಾರು ಕಿತ್ತುಕೊಂಡು ಬಂದೆ. ಚಾಚಿ ಚಹಾ ಕೊಟ್ಟರು. ಕುಡಿದೆ, ಬೇಡ ಅನ್ನಲು ಮುಖವಿರಲಿಲ್ಲ.

೧೫ ಏಪ್ರಿಲ್, ಮಂಗಳವಾರ

ನಾರನ್ನು ಹೆಕ್ಸೇನಿನಲ್ಲಿ ನೆನೆಹಾಕಿ ಓಡಿಸಿದೆ. ಮುನ್ನೂರ ನಲವತ್ತರ ಆಚೆ, ಅದೇ ಜಾಗದಲ್ಲಿ ಅದೇ ಆಕಾರ. ಒಂದರ ಮೇಲೊಂದು ಇಟ್ಟರೆ ಎರಡು ಗೆರೆ ಇದೆ ಎಂದೇ ಗೊತ್ತಾಗದು.

ಯಂತ್ರ ಫೆಬ್ರುವರಿಯಲ್ಲೂ ಸರಿ ಹೇಳಿತ್ತು. ಖನಿಜ ತೈಲ ಇದೆ ಎಂದಿತ್ತು, ಅಷ್ಟೇ. ಬೆರೆಸಿದರು ಎಂದದ್ದು ನಾನು.

೧೭ ಏಪ್ರಿಲ್, ಗುರುವಾರ

ಸರ್ ಜೊತೆ ಜಗಳ. ಕೊಟ್ಟ ವರದಿ ಕೊಟ್ಟಾಯಿತು, ತಿದ್ದಿದರೆ ನಾಳೆ ಪ್ರತಿಯೊಬ್ಬರೂ ತಿದ್ದಿಸಲು ಬರುತ್ತಾರೆ, ಲ್ಯಾಬಿನ ಮಾನ್ಯತೆಯ ಪ್ರಶ್ನೆ ಎಂದರು. ಎಣ್ಣೆಯಲ್ಲಿ ಅದು ಇದ್ದದ್ದು ನಿಜ ತಾನೇ ಎಂದರು. ನಿಜ ಎಂದೆ. ಮತ್ತೇನು ಎಂದರು. ಗಾಣ ನಿಂತಿದೆ ಸರ್ ಎಂದೆ. ಅದು ಲ್ಯಾಬಿನ ವಿಷಯವಲ್ಲ ಎಂದರು.

ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವರ ಎದುರು ಕುರ್ಚಿ ಎಳೆದುಕೊಂಡು, ಹೇಳಿಸಿಕೊಳ್ಳದೆ ಕೂತೆ. ಎರಡು ಗ್ರಾಫನ್ನೂ ಮುಂದಿಟ್ಟು, ತೈಲ ಚೀಲದಿಂದ ಬಂದದ್ದು ಎಂಬ ತಿದ್ದುಪಡಿ ನನ್ನ ಹೆಸರಿನಲ್ಲೇ ಹೋಗಲಿ, ತಪ್ಪು ತೀರ್ಮಾನ ನನ್ನದು ಎಂದು ಬರೆಯುತ್ತೇನೆ ಎಂದೆ. ಸಂಜೆಯ ತನಕ ಕಾಡಿಸಿ ಸಹಿ ಹಾಕಿದರು. ಯಂತ್ರ ಓಡಿಸಲು ಜೂನಿನಿಂದ ಯಾರೋ ಬರುತ್ತಾರಂತೆ. ಬರಲಿ.

೨೪ ಏಪ್ರಿಲ್, ಗುರುವಾರ

ರಾಜಶೇಖರ ತಿದ್ದುಪಡಿಯನ್ನು ಗುಂಪಿಗೆ ಹಾಕಿದರು. ಸೌಜನ್ಯದ ಮನುಷ್ಯ, ಚೀಲ ಬದಲಿಸಿದರೆ ಮತ್ತೆ ಎಣ್ಣೆ ಕೊಳ್ಳುತ್ತೇನೆ ಎಂದರು. ಮಾರ್ಚಿನ ಸುದ್ದಿ ಒಂದೇ ದಿನದಲ್ಲಿ ಹುಬ್ಬಳ್ಳಿ ಸುತ್ತಿತ್ತು. ಇವತ್ತಿನದಕ್ಕೆ ಏಳು ಜನ ಹೆಬ್ಬೆರಳು ಒತ್ತಿದ್ದಾರೆ. ನಮ್ಮ ಓಣಿಯ ಗುಂಪಿಗೆ ಅದು ಬರಲೇ ಇಲ್ಲ. ನಾನೇ ಹಾಕಿದೆ. ಕೆಳಗೆ ಯಾರೋ ಉಪ್ಪಿನಕಾಯಿ ಮಾವು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದರು.

೨೭ ಏಪ್ರಿಲ್, ಭಾನುವಾರ

ತಿದ್ದಿದ ವರದಿ ತೆಗೆದುಕೊಂಡು ಕಾಕಾನ ಮನೆಗೆ ಹೋದೆ. ಚೀಲದ ಸಂಗತಿ, ನಾನು ಹೇಳಿದ ಮಾತು, ನನ್ನ ತಪ್ಪು, ಎಲ್ಲ ಹೇಳಿ ಮುಗಿಸಿದೆ. ಅವರಿಗೆ ಹಗುರಾಗುತ್ತದೆ ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅವರು ಕಾಗದ ಹಿಡಿದುಕೊಂಡು ಗೋಡೆಗೆ ಒರಗಿದರು.

"ಹಂಗಾದ್ರ ಮುಷರಫ ಏನೂ ಮಾಡಿಲ್ಲೇನ್ರಿ?"

ಆಮೇಲೆ ಚಾಚಿ ಹೇಳಿದರು. ಮಾರ್ಚ್ ನಾಲ್ಕರ ಸಂಜೆ, ನಮ್ಮ ಕಟ್ಟೆಯಿಂದ ಎದ್ದು ಹೋದವರು ನೇರ ಗಾಣಕ್ಕೇ ಹೋಗಿದ್ದಾರೆ. ಕೈಯಾಡಿಸುವವರು ಇಬ್ಬರೇ. ತಾನು ಹಾಕಿಲ್ಲ ಎಂದರೆ ಉಳಿದದ್ದು ತಮ್ಮ. ರೋಜಾ ಬಿಡಲು ಇಫ್ತಾರಿಗೆ ಕೂತವನನ್ನು ಎಬ್ಬಿಸಿ ಕೇಳಿದ್ದಾರೆ. ಇಲ್ಲ ಎಂದರೆ ನಂಬಲಿಲ್ಲ. ಕುರಾನಿನ ಮೇಲೆ ಆಣೆ ಮಾಡುತ್ತೇನೆ ಎಂದನಂತೆ, ಸುಳ್ಳು ಆಣೆ ಮಾಡಿ ಇನ್ನೊಂದು ಪಾಪ ಕಟ್ಟಿಕೊಳ್ಳಬೇಡ ಎಂದರಂತೆ. ಆತ ಖರ್ಜೂರ ತಾಟಿನಲ್ಲೇ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ಹೋದ. ಈಗ ಗದಗ ರಸ್ತೆಯ ಲಾರಿ ಗ್ಯಾರೇಜಿನಲ್ಲಿದ್ದಾನೆ. ಹಬ್ಬಕ್ಕೂ ಬರಲಿಲ್ಲ.

'ಮತ್ತ ಯಾರ ಕೈ ಆಡ್ತದ ನೋಡ್ಕೋರಿ.' ಇದೇ ದಿನಚರಿಯಲ್ಲಿ, ಒಳ್ಳೆಯ ಉತ್ತರ ಕೊಟ್ಟೆ ಎಂದು ಬರೆದುಕೊಂಡಿದ್ದೇನೆ. ಈಗ ಆ ಪುಟ ತಿರುಗಿಸಿ ನೋಡಿದೆ. ಹರಿದು ಹಾಕಬೇಕು ಅನ್ನಿಸಿತು, ಹರಿಯಲಿಲ್ಲ.

೨೯ ಏಪ್ರಿಲ್, ಮಂಗಳವಾರ

ಸರ್ ಗೊಣಗಿದರು. ಒಂದು ಮಾದರಿಗೆ ಎರಡು ದಿನ ಹಿಡಿಯುತ್ತೀರಿ, ಎಲ್ಲರಿಗೂ ಫೋನು ಮಾಡುತ್ತೀರಿ ಎಂದು. ಕಲಘಟಗಿಯ ಫಕೀರಪ್ಪ ಎನ್ನುವವರ ಜೇನುತುಪ್ಪ ಬಂದಿತ್ತು, ಯಾವ ಡಬ್ಬಿಯಲ್ಲಿ ಸೋಸಿದಿರಿ, ಹೊಗೆ ಯಾವುದರಿಂದ ಹಾಕಿದಿರಿ ಎಂದು ಕೇಳಲು ಫೋನು ಮಾಡಿದ್ದೆ, ಅಷ್ಟೇ. ಆತ ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲ, ಮಗಳ ಹೆರಿಗೆಯ ತನಕ ಎಲ್ಲ ಹೇಳಿದ. ಯಂತ್ರ ಅಷ್ಟು ಹೊತ್ತು ಸುಮ್ಮನೆ ಕಾದು ಕೂತಿತ್ತು. ಇದರಲ್ಲಿ ಸರ್ ಸಿಟ್ಟಾಗುವಂಥದ್ದು ಏನೋ ನನಗೆ ತಿಳಿಯಲಿಲ್ಲ.

೪ ಮೇ, ಭಾನುವಾರ

ಕಾಕಾ ತಾವೊಬ್ಬರೇ ಹೋಗಲಾರೆ, ನೀವು ಬರ್ರಿ ಎಂದರು. ಯಮನಪ್ಪನ ಆಟೋದಲ್ಲಿ ಹೋದೆವು. ಅವರು ತಿದ್ದಿದ ವರದಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಮುಷರಫ ಒಂದು ಲಾರಿಯ ಕೆಳಗಿನಿಂದ ಹೊರಗೆ ಬಂದ. ಐವತ್ತರವನು, ಎರಡು ತಿಂಗಳಲ್ಲಿ ಅಣ್ಣನಿಗಿಂತ ಹಿರಿಯನಂತೆ ಕಾಣುತ್ತಿದ್ದ. ಕೈ ಒರೆಸಿಕೊಂಡು ನನಗೆ ನಮಸ್ಕಾರ ಎಂದ. ಅಣ್ಣನಿಗೆ ಏನೂ ಅನ್ನಲಿಲ್ಲ. ಕಾಕಾ ವರದಿಯನ್ನು ಅವನ ಮುಂದೆ ಹಿಡಿದರು, ನಾನೇ ಎಲ್ಲ ಹೇಳಿದೆ. ಅವನು ಕೊನೆಯ ತನಕ ಕೇಳಿದ. ಕಾಗದ ಮುಟ್ಟಲಿಲ್ಲ.

"ಇದನ್ನ ನನಗ್ಯಾಕ ತೋರಸ್ತೀರಿ ಅಕ್ಕಾರ? ನಾ ಬೆರಸಿಲ್ಲ ಅನ್ನೂದು ನನಗ ಮೊದಲ ಗೊತ್ತಿತ್ತು."

ನಾಚಿಕೆಯಿಂದ ನೆಲ ನೋಡಿದೆ. ಆದರೂ ಹೇಳಬೇಕಿತ್ತು, ಹೇಳಿದೆ. ಗಾಣದಲ್ಲಿ ಮತ್ತೆ ಯಾರ ಕೈ ಇದೆ ನೋಡಿಕೊಳ್ಳಿ ಎಂದು ನಿಮ್ಮ ಅಣ್ಣನ ತಲೆಗೆ ಹಾಕಿದವಳು ನಾನೇ, ಬೈಯುವುದಿದ್ದರೆ ನನ್ನನ್ನು ಬೈಯಿರಿ ಎಂದೆ. ಅವನು ತಲೆಯಾಡಿಸಿದ. ದನಿಯಲ್ಲಿ ಸಿಟ್ಟೇ ಇರಲಿಲ್ಲ, ಅದನ್ನು ಕೇಳುವುದು ಇನ್ನೂ ಕಷ್ಟವಾಯಿತು.

"ನೀವು ಹೊರಗಿನವರು, ಅಂದ್ರಿ. ಅಂವ ನನ್ನ ಕೂಡ ಒಂದ ಗಂಗಾಳದಾಗ ಉಂಡಾಂವ. ಮಷೀನದಾಗಿನ ಗೆರಿ ಅವಂಗ ಖರೇ ಅನಿಸ್ತು, ನನ್ನ ಮಾತ ಅನಸಲಿಲ್ಲ."

ಕಾಕಾ ಅವನ ಕೈ ಹಿಡಿಯಲು ಹೋದರು. ಗ್ರೀಸು ಹತ್ತುತ್ತದೆ ಎಂದು ಅವನು ಹಿಂದೆ ಸರಿದ. ಮನೆಗೆ ಬಾ ಎಂದು ಕಾಕಾ ಮೂರು ಸಲ ಅಂದರು. ಬಕ್ರೀದಿಗೆ ಬರುತ್ತೇನೆ, ಭಾಬಿಯನ್ನು ನೋಡಿ ಹೋಗುತ್ತೇನೆ, ಗಾಣಕ್ಕೆ ಮಾತ್ರ ಕರೆಯಬೇಡ ಎಂದ. ಲಾರಿಯವನು ಕೂಗಿದ, ಅವನು ಮತ್ತೆ ಕೆಳಗೆ ಹೋದ.

ವಾಪಸ್ ಬರುವಾಗ ಕಮರಿಪೇಟೆ ಬಂದು ಕಾಕಾ ಇಳಿದರು. ಗಾಣವನ್ನು ಮುಂದಿನ ವಾರ ಮಾರಿಬಿಡುತ್ತಾರಂತೆ, ಒಬ್ಬರಿಂದ ಅದು ಆಗುವುದಲ್ಲ. ಎರಡು ಹೆಜ್ಜೆ ಹೋದವರು ತಿರುಗಿ ಬಂದು ಪ್ಲಾಸ್ಟಿಕ್ ಹಾಳೆಯ ಸಮೇತ ವರದಿಯನ್ನು ನನ್ನ ಕೈಗೆ ಕೊಟ್ಟರು.

"ಅವಂಗೂ ಇದು ಬ್ಯಾಡಾತು, ನನಗೂ ಬ್ಯಾಡ. ನೀವ ಇಟ್ಕೋರಿ ಅಕ್ಕಾರ."

ಈ ಪುಟದಲ್ಲೇ ಇಟ್ಟಿದ್ದೇನೆ.